1 ಗ್ರಾಂ ಅಂದ್ರೆ 9×10¹³ ಜೂಲ್ ಅಂತಾರೆ, ಮತ್ತೆ 1 ಗ್ರಾಂ ಯುರೇನಿಯಂ ಯಾಕೆ ಅಷ್ಟು ಕೊಡಲ್ಲ?

ಅರ್ಧವಿರಾಮ
ನಮಸ್ಕಾರ. ಎಲ್ಲ ಪುಸ್ತಕದಲ್ಲೂ ಇರೋ ಲೆಕ್ಕ ಇದು: 1 ಗ್ರಾಂ ವಸ್ತುವಿಗೆ ಸಮನಾದ ಶಕ್ತಿ ಎಷ್ಟು?

ಇ = ಎಂಸಿ². ಇ ಅಂದ್ರೆ ಶಕ್ತಿ. ಎಂ ಅಂದ್ರೆ ದ್ರವ್ಯರಾಶಿ, ಇಲ್ಲಿ 10⁻³ ಕೆಜಿ. ಸಿ ಅಂದ್ರೆ ಬೆಳಕಿನ ವೇಗ, ಸೆಕೆಂಡಿಗೆ 3×10⁸ ಮೀಟರ್. ವರ್ಗ ಮಾಡಿದರೆ 9×10¹⁶. ಗುಣಿಸಿದರೆ 9×10¹³ ಜೂಲ್. ಎರಡು ಸಾಲಲ್ಲಿ ಮುಗೀತು.

ನಾನು ಪಾಠ ಹೇಳೋ ಹುಡುಗಿಯೊಬ್ಬಳು ಇಷ್ಟಕ್ಕೇ ಬಿಡಲಿಲ್ಲ. ಅದೇ ಅಧ್ಯಾಯದ ಇನ್ನೊಂದು ಲೆಕ್ಕ ಮುಂದಿಟ್ಟಳು: 1 ಗ್ರಾಂ ಯುರೇನಿಯಂ-235 ಪೂರ್ತಿ ವಿದಳನ ಆದರೆ (ಅದರ ನ್ಯೂಕ್ಲಿಯಸ್‌ಗಳೆಲ್ಲ ಒಡೆದರೆ) ಎಷ್ಟು ಶಕ್ತಿ? ಅದರ ಉತ್ತರ 8.2×10¹⁰ ಜೂಲ್. "ಎರಡೂ ಒಂದೇ ಗ್ರಾಂ ತಾನೆ? ಸಾವಿರ ಪಟ್ಟು ವ್ಯತ್ಯಾಸ ಯಾಕೆ? ಮಿಕ್ಕಿದ್ದು ಎಲ್ಲಿ ಹೋಯ್ತು?" ಅಂತ. ನಾನೊಂದು ಉತ್ತರ ಕೊಟ್ಟೆ, ಅವಳಿಗೆ ಸಮಾಧಾನ ಆಗಿಲ್ಲ. ನೀವಾದ್ರೆ ಹೇಗೆ ಹೇಳ್ತೀರಿ?

ಘಾತಸೂಚಿ
ಮಿಕ್ಕಿದ್ದು ಎಲ್ಲೂ ಹೋಗಿಲ್ಲ, ಅಲ್ಲೇ ಬಿದ್ದಿದೆ. ಒಡೆದ ಮೇಲಿನ ಚೂರುಗಳನ್ನೆಲ್ಲ ಒಟ್ಟುಮಾಡಿ ತೂಗಿದರೆ ಸುಮಾರು 0.9991 ಗ್ರಾಂ ಸಿಗುತ್ತೆ. ಕಮ್ಮಿ ಆಗಿರೋದು 0.0009 ಗ್ರಾಂ ಚಿಲ್ಲರೆ. ಸೂತ್ರದಲ್ಲಿ ಎಂ ಜಾಗಕ್ಕೆ ಹಾಕಬೇಕಾದ್ದು ಅದನ್ನ, ಇಂಧನದ ತೂಕವನ್ನಲ್ಲ.

ಸೊನ್ನೆಶತ್ರು
ಉತ್ತರಪತ್ರಿಕೆ ತಿದ್ದೋ ಕೆಲಸ ನನ್ನದು. ಹುಡುಗಿಯ ಪ್ರಶ್ನೆಗೆ ಬೇರೆಯವರು ಉತ್ತರ ಕೊಡಲಿ, ನನ್ನ ತಕರಾರು ಆ "ಎರಡು ಸಾಲಲ್ಲಿ ಮುಗೀತು" ಅನ್ನೋ ಮಾತಿನ ಮೇಲೆ. ಆ ಎರಡು ಸಾಲಲ್ಲೇ ಎಷ್ಟು ಜನ ಬೀಳ್ತಾರೆ ಗೊತ್ತಾ? ಗ್ರಾಮನ್ನ ಕೆಜಿ ಮಾಡದೆ ನೇರ 1 ಹಾಕ್ತಾರೆ, 9×10¹⁶ ಬರುತ್ತೆ. ವರ್ಗ ಮಾಡೋದನ್ನೇ ಬಿಟ್ಟು 3×10⁵ ಅಂತ ಬರೀತಾರೆ. 3ನ್ನ ಮಾತ್ರ ವರ್ಗ ಮಾಡಿ 10⁸ನ್ನ ಮುಟ್ಟದೇ ಇರೋರೂ ಇದ್ದಾರೆ. ಎಲ್ಲಕ್ಕಿಂತ ಮಜಾ ಅಂದ್ರೆ ಎಂಟರ ವರ್ಗ ಅರವತ್ನಾಲ್ಕು ಅಂತ 10⁶⁴ ಬರೆಯೋರು. ಅಲ್ರೀ, ಸೂರ್ಯನನ್ನ ಇಡಿಯಾಗಿ ಶಕ್ತಿ ಮಾಡಿದರೂ ಬರೋದು 1.8×10⁴⁷ ಜೂಲ್. ಒಂದು ಗ್ರಾಮಿನೊಳಗಿಂದ ಐದು ಕೋಟಿ ಕೋಟಿ ಸೂರ್ಯರನ್ನ ತೆಗೆದಿಟ್ಟಿದ್ದಾರೆ ಮಹಾನುಭಾವರು!

ಮಾನ (ಯೂನಿಟ್) ಬರೆದುಕೊಂಡು ಹೋಗಿ ಅಂತ ಬಡಕೊಳ್ತೀನಿ. ಕೆಜಿ × ಮೀ² ÷ ಸೆ² ಆದರೆ ಮಾತ್ರ ಜೂಲ್. ಕೆಜಿ ಜಾಗದಲ್ಲಿ ಗ್ರಾಂ ಕೂತಿದ್ರೆ ಅಲ್ಲೇ ಕಣ್ಣಿಗೆ ಬೀಳುತ್ತೆ.

ಹಳೇಎರ್ಗ್
ನಮ್ಮ ಕಾಲದ ಸಿಜಿಎಸ್‌ನಲ್ಲಿ (ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿ) ಈ ರಗಳೆಯೇ ಇರಲಿಲ್ಲ. ಗ್ರಾಂ ಗ್ರಾಮಾಗೇ ಇರ್ತಿತ್ತು. 1 × (3×10¹⁰)² = 9×10²⁰ ಎರ್ಗ್. ಜೂಲ್ ಬೇಕಂದ್ರೆ 10⁷ರಿಂದ ಭಾಗಿಸಿ.

ಮಿಣುಕು
ಎರ್ಗ್ ಇನ್ನೂ ಬದುಕಿದೆಯಾ?

ಹಳೇಎರ್ಗ್
@ಮಿಣುಕು ಖಗೋಳದವರನ್ನ ಕೇಳಿ ನೋಡಿ. ಸೂಪರ್‌ನೋವಾ ಅಂದ್ರೆ 10⁵¹ ಎರ್ಗ್ ಅಂತಲೇ ಇವತ್ತಿಗೂ ಬರೀತಾರೆ.

ತಕ್ಕಡಿ
@ಘಾತಸೂಚಿ ನಿಮ್ಮ ಲೆಕ್ಕ ಸರಿ, ಆದರೆ "ಕಮ್ಮಿ ಆಯ್ತು" ಅನ್ನುವಾಗ ಸ್ವಲ್ಪ ಎಚ್ಚರ ಬೇಕು. ಶಾಖ, ಬೆಳಕು, ವಿಕಿರಣ ಯಾವುದೂ ಹೊರಗೆ ಹೋಗದಂಥ ಪೆಟ್ಟಿಗೆ ಅಂದುಕೊಳ್ಳಿ. ಅದರೊಳಗೆ ಯುರೇನಿಯಂ ಒಡೆಯಲಿ. ಒಡೆದ ಮರುಕ್ಷಣ ಪೆಟ್ಟಿಗೆ ತೂಗಿದರೆ ಎಷ್ಟಿರುತ್ತೆ? ಮುಂಚೆ ಇದ್ದಷ್ಟೇ. ಒಂದು ಚೂರೂ ಕಮ್ಮಿ ಇರಲ್ಲ. ಒಳಗೆ ಓಡಾಡ್ತಿರೋ ಚೂರುಗಳ ಚಲನಶಕ್ತಿಗೂ, ಗಾಮಾ ಕಿರಣಕ್ಕೂ ಪೆಟ್ಟಿಗೆಯ ದ್ರವ್ಯರಾಶಿಯಲ್ಲಿ ಪಾಲಿದೆ. ಪೆಟ್ಟಿಗೆ ತಣ್ಣಗಾಗಿ, ಆ ಶಾಖ ಹೊರಗೆ ಹೋದಾಗ ತೂಕ ಇಳಿಯುತ್ತೆ. ಶಕ್ತಿ ಎಲ್ಲಿ ಹೋಯ್ತೋ ದ್ರವ್ಯರಾಶಿಯೂ ಅಲ್ಲಿಗೇ ಹೋಯ್ತು. ಒಂದು ಸತ್ತು ಇನ್ನೊಂದು ಹುಟ್ಟಿದ್ದಲ್ಲ.

ಘಾತಸೂಚಿ
@ತಕ್ಕಡಿ ಒಪ್ಪಿದೆ. ನಾನು "ಒಟ್ಟುಮಾಡಿ ತೂಗಿದರೆ" ಅಂದಾಗ ತಣ್ಣಗಾದ ಚೂರುಗಳ ಮಾತು ಅನ್ನೋದು ಯಾರಿಗಾದರೂ ಅರ್ಥ ಆಗುತ್ತೆ. ಪರೀಕ್ಷೆ ಬರೆಯೋ ಮಕ್ಕಳ ಮುಂದೆ ಮೊದಲೇ ಈ ಪೆಟ್ಟಿಗೆ ಇಟ್ಟರೆ ಇದ್ದದ್ದೂ ಹೋಗುತ್ತೆ.

ತಕ್ಕಡಿ
ಹೋಗಲ್ಲ ಸ್ವಾಮಿ. ಪೆಟ್ಟಿಗೆ ಇಡದೇ ಇದ್ದಾಗಲೇ ಈ ಥರ ಪ್ರಶ್ನೆ ಹುಟ್ಟೋದು.

ಪುಟ್ಟತಾರೆ
ನನಗೂ ಆ ಹುಡುಗಿಯದ್ದೇ ಅನುಮಾನ. ಸರಿ, 0.09% ಮಾತ್ರ ಹೋಗುತ್ತೆ. ಯಾಕೆ ಅಷ್ಟೇ? ಉಳಿದ 99.91% ಯಾಕೆ ಹಟ ಹಿಡಿದು ಕೂರುತ್ತೆ?

ಬೀಜಗಣ್ಣ
ನೋಡ್ರಿ, ಇಡೀ ಚರ್ಚೆಯೊಳಗ ಸರಿಯಾದ ಪ್ರಶ್ನೆ ಇದು. ಲೆಕ್ಕ ಮಾಡಿ ತೋರಸ್ತೀನಿ, ತಾಳ್ರಿ.

ಒಂದು ಯುರೇನಿಯಂ-235ಕ್ಕ ಒಂದು ನ್ಯೂಟ್ರಾನ್ ಹೊಡೀತಂತ ಇಟ್ಕೋರಿ. ಬೇರಿಯಂ-141, ಕ್ರಿಪ್ಟಾನ್-92, ಮೂರು ನ್ಯೂಟ್ರಾನ್ ಬಂದ್ವು. ಈಗ ಎಣಸ್ರಿ. ಮೊದಲ 235 + 1 = 236 ಕಣ. ಆಮೇಲೆ 141 + 92 + 3 = 236 ಕಣ. ಒಂದ ಒಂದು ಪ್ರೋಟಾನ್ ಸತೈತೇನ್ರಿ? ಒಂದು ನ್ಯೂಟ್ರಾನ್ ಕರಗೈತೇನು? ಇಲ್ಲ. ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಲೆಕ್ಕ ಬದಲಾಗಂಗಿಲ್ಲ, ಅದು ನಿಸರ್ಗದ ಕಟ್ಟುನಿಟ್ಟು. ಬದಲಾಗೂದು ಅವು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹಿಡಕೊಂಡಾವು ಅನ್ನೂದಷ್ಟ. ದೊಡ್ಡ ನ್ಯೂಕ್ಲಿಯಸ್‌ನ್ಯಾಗ ಹಿಡಿತ ಸಡಿಲ, ನಡುಗಾತ್ರದಾಗ ಬಿಗಿ. ಸಡಿಲಿನಿಂದ ಬಿಗಿಗೆ ಹೋಗುಮುಂದ ಬಿಡುಗಡೆ ಆಗೂ ಶಕ್ತಿ ಒಂದು ವಿದಳನಕ್ಕ ಸುಮಾರು 200 ಎಂಇವಿ (ಕಣಗಳ ಶಕ್ತಿ ಅಳಿಯೂ ಮಾನ ಇದು). 235 ಕಣದ ಒಟ್ಟು ಶಕ್ತಿ ಸುಮಾರು 2.19 ಲಕ್ಷ ಎಂಇವಿ. ಭಾಗ ಮಾಡ್ರಿ, 0.09% ಬರ್ತೈತಿ. ಉಳಿದದ್ದು ಪ್ರೋಟಾನು ನ್ಯೂಟ್ರಾನುಗಳ ಸ್ವಂತ ಆಸ್ತಿ, ಅದಕ್ಕ ವಿದಳನ ಕೈ ಹಚ್ಚಂಗಿಲ್ಲ.

ಅರ್ಧವಿರಾಮ
@ಬೀಜಗಣ್ಣ 236 ಎರಡೂ ಕಡೆ ಎಣಿಸೋದು ಬಹಳ ಚೆನ್ನಾಗಿದೆ, ನಾಳೆ ಅದನ್ನೇ ಬೋರ್ಡಿನ ಮೇಲೆ ಬರೀತೀನಿ. ಇನ್ನೂ ಚಿಕ್ಕ ಉದಾಹರಣೆ ಇದೆಯಾ? ಕೈಯಲ್ಲೇ ಕಳೆಯೋ ಹಾಗಿರೋದು?

ಘಾತಸೂಚಿ
ಡ್ಯೂಟೀರಿಯಂ ತಗೊಳ್ಳಿ, ಅದಕ್ಕಿಂತ ಚಿಕ್ಕದು ಸಿಗಲ್ಲ. ಹೈಡ್ರೋಜನ್ ಪರಮಾಣು 1.007825 ಯು (ಪರಮಾಣುಗಳ ದ್ರವ್ಯರಾಶಿ ಅಳೆಯೋ ಮಾನ), ನ್ಯೂಟ್ರಾನ್ 1.008665 ಯು, ಕೂಡಿದರೆ 2.016490. ಡ್ಯೂಟೀರಿಯಂ ಪರಮಾಣುವಿನ ದ್ರವ್ಯರಾಶಿ 2.014102. ಕಳೆದರೆ 0.002388 ಯು. ಒಂದು ಯು ಅಂದ್ರೆ 931.5 ಎಂಇವಿ, ಗುಣಿಸಿದರೆ 2.22 ಎಂಇವಿ. ಹೈಡ್ರೋಜನ್ ನ್ಯೂಟ್ರಾನನ್ನ ಹಿಡಿದುಕೊಂಡಾಗ ಹೊರಬರೋ ಗಾಮಾ ಕಿರಣದ ಶಕ್ತಿಯನ್ನ ಅಳೆದರೂ 2.22 ಎಂಇವಿಯೇ. ಕಾಗದದ ಮೇಲಿನ ಕಳೆಯೋ ಲೆಕ್ಕ, ಅಲ್ಲಿ ಉಪಕರಣದಲ್ಲಿ ಬರೋ ಗೆರೆ, ಎರಡೂ ಒಂದೇ ಜಾಗ. ಈ ಇಡೀ ಅಧ್ಯಾಯದಲ್ಲಿ ನನಗೆ ಅತಿ ಇಷ್ಟವಾದ ಲೆಕ್ಕ ಇದು.

ಒಂದು ಸೂಚನೆ: ದಶಮಾಂಶದ ಆರೂ ಸ್ಥಾನ ಇಟ್ಟುಕೊಳ್ಳಿ. 1.01 + 1.01 − 2.01 ಅಂತ ಮಾಡಿದರೆ ಉತ್ತರ ನಾಲ್ಕು ಪಟ್ಟು ಜಾಸ್ತಿ ಬರುತ್ತೆ.

ಕಡಲತೀರ
ಮಾರಾಯ್ರೆ, ಯು, ಎಂಇವಿ ಎಲ್ಲ ಬಿಡಿ. 9×10¹³ ಜೂಲ್ ಅಂದ್ರೆ ಎಷ್ಟು ಅಂತ ಒಬ್ಬರಾದ್ರೂ ಹೇಳಿ. ಸೊನ್ನೆ ನೋಡಿ ನೋಡಿ ಕಣ್ಣು ಮಂಜಾಯ್ತು.

ಸೊನ್ನೆಶತ್ರು
36 ಲಕ್ಷ ಜೂಲ್ ಸೇರಿದರೆ ಒಂದು ಕಿಲೋವ್ಯಾಟ್-ಗಂಟೆ. ಭಾಗಿಸಿದರೆ ಎರಡೂವರೆ ಕೋಟಿ ಕಿಲೋವ್ಯಾಟ್-ಗಂಟೆ. 1000 ಮೆಗಾವ್ಯಾಟಿನ ಸ್ಥಾವರ 25 ಗಂಟೆ ಓಡಿದಷ್ಟು.

ಟರ್ಬೈನು
@ಸೊನ್ನೆಶತ್ರು 25 ಗಂಟೆ ಅನ್ನೋದು ಕಾಗದದ ಮೇಲೆ. ಪರಮಾಣು ಸ್ಥಾವರದಲ್ಲಿ ಹುಟ್ಟೋ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ ಆಗೋದು. 1000 ಮೆಗಾವ್ಯಾಟ್ ವಿದ್ಯುತ್ ಬೇಕಂದ್ರೆ 3000 ಮೆಗಾವ್ಯಾಟ್ ಶಾಖ ಬೇಕು. ಹಾಗಾಗಿ ದಿನಕ್ಕೆ ಹೋಗೋ ದ್ರವ್ಯರಾಶಿ ಸುಮಾರು 2.9 ಗ್ರಾಂ. ಅದಕ್ಕಾಗಿ ಒಡೆಯಬೇಕಾದ ಇಂಧನ 3 ಕೆಜಿಗೂ ಜಾಸ್ತಿ. ಇಷ್ಟು ಹೇಳಿದರೆ ಗ್ರಾಮಿಗೂ ಕೆಜಿಗೂ ಇರೋ ವ್ಯತ್ಯಾಸ ಮಕ್ಕಳಿಗೆ ತಾನಾಗೇ ಹೊಳೆಯುತ್ತೆ.

ನಿಶಾಚರ
ಬಾಂಬಿನ ಲೆಕ್ಕ ಯಾರೂ ಹೇಳಲಿಲ್ಲ. 9×10¹³ ಜೂಲ್ ಅಂದ್ರೆ ಸುಮಾರು 21 ಕಿಲೋಟನ್ ಟಿಎನ್‌ಟಿ. 1945ರಲ್ಲಿ ನಾಗಸಾಕಿ ಮೇಲೆ ಬಿದ್ದದ್ದೂ ಸುಮಾರು ಅಷ್ಟೇ. ಒಳಗಿದ್ದ ಪ್ಲುಟೋನಿಯಂ 6 ಕೆಜಿ ಆಸುಪಾಸು, ಅದರಲ್ಲಿ ಒಡೆದದ್ದು ಸುಮಾರು 1 ಕೆಜಿ, ಶಕ್ತಿಯಾಗಿ ಹೋದದ್ದು ಸುಮಾರು 1 ಗ್ರಾಂ. ಐನ್‌ಸ್ಟೀನ್ ಸೂತ್ರದಿಂದಲೇ ಬಾಂಬು ಹುಟ್ಟಿದ್ದು ಅನ್ನೋದು ಸುಮ್ಮನೆ ಅಲ್ಲ.

ಕಾಲುಹಾದಿ
@ನಿಶಾಚರ ಸಂಖ್ಯೆಗಳು ಸರಿ, ಕೊನೆಯ ಸಾಲು ಸರಿಯಲ್ಲ. ಈ ಮಾತು ಎಷ್ಟು ಹಬ್ಬಿದೆ ಅಂದ್ರೆ ತಿದ್ದೋಕೇ ಬೇಜಾರು.

1938ರ ಡಿಸೆಂಬರ್. ಯುರೇನಿಯಂಗೆ ನ್ಯೂಟ್ರಾನ್ ಹೊಡೆದಾಗ ಬೇರಿಯಂ ಸಿಗ್ತಿದೆ ಅಂತ ಹಾನ್ ಮತ್ತು ಸ್ಟ್ರಾಸ್‌ಮನ್ ಬರ್ಲಿನ್‌ನಲ್ಲಿ ಕಂಡುಕೊಂಡಿದ್ದರು. ಅದರ ಅರ್ಥ ಏನು ಅಂತ ಸ್ವೀಡನ್‌ನಲ್ಲಿ ಕೂತು ಯೋಚಿಸಿದವರು ಲೀಸ್ ಮೈಟ್ನರ್ ಮತ್ತು ಅವರ ಅಕ್ಕನ ಮಗ ಓಟೋ ಫ್ರಿಷ್. ಅವರು ಮಾಡಿದ ಲೆಕ್ಕ ಎರಡು. ಒಂದು: ಎರಡು ಚೂರುಗಳೂ ಧನ ಆವೇಶದವು, ಅಷ್ಟು ಹತ್ತಿರದಿಂದ ಒಂದನ್ನೊಂದು ತಳ್ಳಿದರೆ ಬರೋ ಶಕ್ತಿ ಎಷ್ಟು? ಸುಮಾರು 200 ಎಂಇವಿ. ಇನ್ನೊಂದು: ಒಡೆಯೋ ಮುಂಚೆ, ಒಡೆದ ಮೇಲೆ ದ್ರವ್ಯರಾಶಿಯ ವ್ಯತ್ಯಾಸ ಎಷ್ಟು? ಪ್ರೋಟಾನಿನ ಐದನೇ ಒಂದು ಭಾಗ. ಅದನ್ನ ಇ = ಎಂಸಿ²ಗೆ ಹಾಕಿದರೆ ಮತ್ತೆ 200 ಎಂಇವಿ. ಎರಡೂ ಕೂಡಿಬಂದವು.

ಈಗ ಹೇಳಿ, ಚೂರುಗಳನ್ನ ಓಡಿಸಿದ್ದು ಯಾವುದು? ವಿದ್ಯುತ್ ವಿಕರ್ಷಣೆ. ಸೂತ್ರ ಮಾಡೋದು ಜಮಾ-ಖರ್ಚಿನ ತಾಳೆ ಮಾತ್ರ. ಹಣ ಯಾವ ದಾರಿಯಲ್ಲಿ ಬಂತು ಅಂತ ಖಾತೆ ಪುಸ್ತಕ ಹೇಳಲ್ಲ, ಎಷ್ಟು ಬಂತು ಅಂತ ಹೇಳುತ್ತೆ. ಇದ್ದಿಲು ಸುಟ್ಟರೂ ಇದೇ ತಾಳೆ ನಡೆಯುತ್ತೆ. 1 ಕೆಜಿ ಇಂಗಾಲ ಉರಿದರೆ ಬರೋದು ಸುಮಾರು 3.3 ಕೋಟಿ ಜೂಲ್, ಸಿ²ದಿಂದ ಭಾಗಿಸಿ, ಹೋದ ದ್ರವ್ಯರಾಶಿ 0.36 ಮೈಕ್ರೋಗ್ರಾಂ. ತಕ್ಕಡಿಗೆ ಸಿಗಲ್ಲ, ಅದಕ್ಕೇ ರಸಾಯನಶಾಸ್ತ್ರದವರು ದ್ರವ್ಯರಾಶಿ ಉಳಿಯುತ್ತೆ ಅಂತ ನೆಮ್ಮದಿಯಾಗಿ ಬರೀತಾರೆ. ಹಾಗಂತ ಒಲೆ ಉರಿಯೋದು ಇ = ಎಂಸಿ²ದಿಂದ ಅಂತ ಯಾರಾದ್ರೂ ಹೇಳ್ತಾರಾ?

ನಿಶಾಚರ
ಅಲ್ಲ, ಆ ಸೂತ್ರ ಇಲ್ಲದಿದ್ದರೆ 200 ಎಂಇವಿ ಬರುತ್ತೆ ಅಂತ ಮುಂಚೆ ಗೊತ್ತಾಗ್ತಿತ್ತಾ?

ಕಾಲುಹಾದಿ
ಆಗ್ತಿತ್ತು. ಮೊದಲನೇ ಲೆಕ್ಕದಲ್ಲಿ ಸಿ ಅನ್ನೋ ಅಕ್ಷರವೇ ಇಲ್ಲ, ಬೇಕಾದ್ರೆ ಇನ್ನೊಮ್ಮೆ ಓದಿ.

ನಿಶಾಚರ
ಓದಿದೆ. ಎರಡನೇದು ಇಲ್ಲದೆ ಮೊದಲನೇದನ್ನ ನಂಬೋ ಧೈರ್ಯ ಬರ್ತಿರಲಿಲ್ಲ ಅನ್ನೋದೇ ನನ್ನ ಮಾತು.

ಮಿಣುಕು
ನಡುವೆ ಒಂದು ದಡ್ಡ ಪ್ರಶ್ನೆ. ಮೊಬೈಲ್ ಚಾರ್ಜ್ ಆದ ಮೇಲೆ ಭಾರ ಆಗುತ್ತಾ?

ಕಡಲತೀರ
ಎಲೆಕ್ಟ್ರಾನು ತುಂಬಿಕೊಳ್ತದಲ್ಲ, ಆಗಿಯೇ ಆಗ್ತದೆ.

ಟರ್ಬೈನು
ಭಾರ ಆಗೋದು ನಿಜ, ಆ ಕಾರಣಕ್ಕಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೋದಷ್ಟೇ ಎಲೆಕ್ಟ್ರಾನು ಇನ್ನೊಂದು ತುದಿಗೆ ಬರುತ್ತೆ, ಒಟ್ಟು ಸಂಖ್ಯೆ ಅಷ್ಟೇ ಇರುತ್ತೆ. ಹೆಚ್ಚಾಗೋದು ಒಳಗಿನ ರಾಸಾಯನಿಕ ಶಕ್ತಿ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 69,000 ಜೂಲ್. 9×10¹⁶ರಿಂದ ಭಾಗಿಸಿದರೆ 7.7×10⁻¹³ ಕೆಜಿ. ಅಂದ್ರೆ ಒಂದು ನ್ಯಾನೋಗ್ರಾಮಿಗಿಂತ ಕಮ್ಮಿ. ನಿಮ್ಮ ಬೆರಳಿನ ಗುರುತೇ ಅದಕ್ಕಿಂತ ಭಾರ.

ಪುಟ್ಟತಾರೆ
ಹಾಗಾದ್ರೆ ಪೂರ್ತಿ 1 ಗ್ರಾಮನ್ನ ಶಕ್ತಿ ಮಾಡೋ ದಾರಿಯೇ ಇಲ್ವಾ? ಮೊದಲನೇ ಲೆಕ್ಕ ಬರೀ ಕಲ್ಪನೆಯಾ?

ಬೀಜಗಣ್ಣ
ಐತ್ರಿ, ಪ್ರತಿದ್ರವ್ಯ. ಎಲೆಕ್ಟ್ರಾನು, ಅದರ ವಿರುದ್ಧ ಆವೇಶದ ಪ್ರತಿಕಣ ಪಾಸಿಟ್ರಾನು ಕೂಡಿದ್ವು ಅಂದ್ರ ಎರಡೂ ಪೂರ್ತಿ ಹೋಗಿ ಎರಡು ಗಾಮಾ ಕಿರಣ ಬರ್ತಾವ, ಒಂದೊಂದು 0.511 ಎಂಇವಿ. ಎಲೆಕ್ಟ್ರಾನಿನ ದ್ರವ್ಯರಾಶಿ 9.11×10⁻³¹ ಕೆಜಿ, ಅದನ್ನ ಸೂತ್ರಕ್ಕ ಹಾಕ್ರಿ, 8.19×10⁻¹⁴ ಜೂಲ್, ಅದ 0.511 ಎಂಇವಿ. ಆಸ್ಪತ್ರೆಯೊಳಗ ಪೆಟ್ ಸ್ಕ್ಯಾನ್ ಮಾಡೂ ಯಂತ್ರ ಹುಡುಕೂದು ಈ ಜೋಡಿ ಕಿರಣಗಳನ್ನ.

ಸೊನ್ನೆಶತ್ರು
ಇಲ್ಲೊಂದು ಬಲೆ ಇದೆ, ಪರೀಕ್ಷೆಯಲ್ಲಿ ಕೇಳ್ತಾರೆ. "1 ಗ್ರಾಂ ಪ್ರತಿದ್ರವ್ಯ 1 ಗ್ರಾಂ ದ್ರವ್ಯದ ಜೊತೆ ಸೇರಿದರೆ?" ಉತ್ತರ 1.8×10¹⁴ ಜೂಲ್. ಹೋದದ್ದು ಎರಡು ಗ್ರಾಂ.

ಮಳೆಬಿಲ್ಲು
ಬೆಳಕಿಗೆ ದ್ರವ್ಯರಾಶಿ ಇಲ್ಲ ಅಂತೀರಿ. ಎಂ ಸೊನ್ನೆ ಆದ್ರೆ ಇ ಕೂಡ ಸೊನ್ನೆ ಆಗಬೇಕಲ್ವಾ? ಮತ್ತೆ ಬಿಸಿಲು ಸುಡೋದು ಹೇಗೆ?

ತಕ್ಕಡಿ
ಇ = ಎಂಸಿ² ನಿಂತಿರೋ ವಸ್ತುವಿಗೆ. ಪೂರ್ತಿ ಸೂತ್ರ ಇ² = (ಪಿಸಿ)² + (ಎಂಸಿ²)², ಪಿ ಅಂದ್ರೆ ಸಂವೇಗ. ಬೆಳಕು ನಿಲ್ಲೋದೇ ಇಲ್ಲ. ಅದಕ್ಕೆ ಎಂ ಸೊನ್ನೆ, ಉಳಿಯೋದು ಇ = ಪಿಸಿ. ಆದರೆ ಒಳಗೋಡೆಯೆಲ್ಲ ಕನ್ನಡಿ ಇರೋ ಪೆಟ್ಟಿಗೆಯಲ್ಲಿ ಬೆಳಕು ತುಂಬಿಟ್ಟರೆ, ಖಾಲಿ ಪೆಟ್ಟಿಗೆಗಿಂತ ಅದು ಭಾರ.

ಹಳೇಎರ್ಗ್
ನಮಗೆ ವೇಗ ಹೆಚ್ಚಾದ ಹಾಗೆ ದ್ರವ್ಯರಾಶಿಯೂ ಹೆಚ್ಚುತ್ತೆ ಅಂತ ಕಲಿಸಿದ್ದರು. ಆ ಲೆಕ್ಕದಲ್ಲಿ ಇ = ಎಂಸಿ² ಎಲ್ಲದಕ್ಕೂ ಸರಿಹೊಂದುತ್ತಿತ್ತು, ಬೆಳಕಿಗೂ ಸೇರಿ.

ತಕ್ಕಡಿ
ಹಾಗೆ ಕಲಿಸೋದನ್ನ ಈಗ ಬಹುಪಾಲು ಬಿಟ್ಟಿದ್ದಾರೆ, ಬಿಟ್ಟಿದ್ದೇ ಒಳ್ಳೇದು. ವೇಗ ಹೆಚ್ಚಿದ್ರೆ ವಸ್ತುವಿನ ಒಳಗೆ ಏನೋ ಬದಲಾಯ್ತು ಅಂತ ಮಕ್ಕಳು ತಿಳ್ಕೋತಾರೆ. ಒಳಗೇನೂ ಆಗಿರಲ್ಲ.

ಹಳೇಎರ್ಗ್
ನಾವ್ಯಾರೂ ಹಾಗೆ ತಿಳ್ಕೊಂಡಿರಲಿಲ್ಲಪ್ಪ.

ಪುಟ್ಟತಾರೆ
@ಬೀಜಗಣ್ಣ ಪ್ರೋಟಾನಿನ "ಸ್ವಂತ ಆಸ್ತಿ" ಅಂದ್ರಲ್ಲ ಸರ್, ಅದಾದ್ರೂ ಗಟ್ಟಿ ಪದಾರ್ಥವಾ?

ಬೀಜಗಣ್ಣ
ಅಲ್ಲಿ ಇನ್ನೂ ಮಜಾ ಐತಿ ನೋಡು ತಂಗಿ. ಪ್ರೋಟಾನಿನೊಳಗ ಮೂರು ಕ್ವಾರ್ಕ್. ಆ ಮೂರರ ಸ್ವಂತ ದ್ರವ್ಯರಾಶಿ ಕೂಡಿಸಿದ್ರ ಪ್ರೋಟಾನಿನ ದ್ರವ್ಯರಾಶಿಯ ಸುಮಾರು 1% ಅಷ್ಟ. ಮಿಕ್ಕಿದ್ದು ಕ್ವಾರ್ಕುಗಳ ಓಡಾಟದ ಶಕ್ತಿ, ಅವನ್ನ ಹಿಡಿದಿಟ್ಟಿರೂ ಗ್ಲುವಾನುಗಳ ಶಕ್ತಿ. ನೀ ತಕ್ಕಡಿಯೊಳಗ ಇಟ್ಟ 1 ಗ್ರಾಂ ಮೊದಲಿಂದಲೂ ಬಹುತೇಕ ಶಕ್ತಿನ ಆಗಿತ್ತು.

ತಕ್ಕಡಿ
ನನ್ನ ಪೆಟ್ಟಿಗೆ ಹೇಳೋದೂ ಇದನ್ನೇ!

ಮಳೆಬಿಲ್ಲು
ಇದನ್ನೆಲ್ಲ ಯಾರಾದ್ರೂ ನೇರವಾಗಿ ಅಳೆದು ನೋಡಿದ್ದಾರಾ, ಇಲ್ಲ ನಂಬಿಕೊಂಡು ಬಂದದ್ದಾ?

ಕಾಲುಹಾದಿ
ಅಳೆದಿದ್ದಾರೆ. ಐನ್‌ಸ್ಟೀನ್ 1905ರ ಸೆಪ್ಟೆಂಬರ್‌ನಲ್ಲಿ ಕಳಿಸಿದ ಪುಟ್ಟ ಲೇಖನದಲ್ಲೇ ರೇಡಿಯಂ ಲವಣಗಳಲ್ಲಿ ಇದನ್ನ ಪರೀಕ್ಷೆ ಮಾಡಬಹುದೇನೋ ಅಂತ ಬರೆದಿದ್ದರು. (ಅಲ್ಲಿ ಸೂತ್ರ ಇವತ್ತಿನ ರೂಪದಲ್ಲಿಲ್ಲ. ವಸ್ತು ಎಲ್ ಅಷ್ಟು ಶಕ್ತಿ ಬಿಟ್ಟರೆ ಅದರ ದ್ರವ್ಯರಾಶಿ ಎಲ್/ವಿ² ಅಷ್ಟು ಕಮ್ಮಿ ಆಗುತ್ತೆ ಅಂತ ಇದೆ, ವಿ ಅಂದ್ರೆ ಬೆಳಕಿನ ವೇಗ.) 1932ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂಗೆ ಪ್ರೋಟಾನ್ ಹೊಡೆದು ಎರಡು ಹೀಲಿಯಂ ನ್ಯೂಕ್ಲಿಯಸ್ ಪಡೆದರು. ಈಗಿನ ಅಂಕಿಗಳಲ್ಲಿ ಕಳೆದು ನೋಡಿ: 7.016003 + 1.007825 − 2 × 4.002603 = 0.018622 ಯು, ಅಂದ್ರೆ 17.3 ಎಂಇವಿ. ಹೀಲಿಯಂ ಚೂರುಗಳ ಓಟದಲ್ಲಿ ಸಿಕ್ಕ ಶಕ್ತಿಯೂ ಸುಮಾರು ಅಷ್ಟೇ. 2005ರಲ್ಲಿ ಇನ್ನೂ ಸೂಕ್ಷ್ಮವಾಗಿ ಮಾಡಿದರು, ಒಂದು ಕಡೆ ದ್ರವ್ಯರಾಶಿಯ ವ್ಯತ್ಯಾಸ, ಇನ್ನೊಂದು ಕಡೆ ಗಾಮಾ ಕಿರಣದ ಶಕ್ತಿ. ಎರಡೂ 0.00004% ಒಳಗೆ ಕೂಡಿಬಂದವು.

ಕಡಲತೀರ
ಅಷ್ಟು ಸೂಕ್ಷ್ಮ ಅಂದ ಮೇಲೆ ನಾವು 3×10⁸ ಅಂತ ಹಾಕೋದು ಸರಿಯಾ?

ಸೊನ್ನೆಶತ್ರು
ನಿಜವಾದ ಬೆಲೆ 299792458, ಇದು ಅಳತೆಯಲ್ಲ, 1983ರಿಂದ ಮೀಟರಿನ ವ್ಯಾಖ್ಯೆಯೇ ಇದರ ಮೇಲೆ ನಿಂತಿದೆ. ಅದನ್ನ ಹಾಕಿದರೆ 8.98755×10¹³. 9 ಅಂತ ಬರೆದರೆ 0.14% ಜಾಸ್ತಿ. ಪರೀಕ್ಷೆಗೆ ಧಾರಾಳ ಸಾಕು. ಘಾತಸೂಚಿಯವರ ಡ್ಯೂಟೀರಿಯಂ ಲೆಕ್ಕ ಮಾಡುವಾಗ ಮಾತ್ರ 931.5 ಇಟ್ಟುಕೊಳ್ಳಿ, ಸಿ ಕಡೆ ಹೋಗಲೇಬೇಡಿ.

ನಿಶಾಚರ
ಸೂರ್ಯ ಸೆಕೆಂಡಿಗೆ 42 ಲಕ್ಷ ಟನ್ ಕಳ್ಕೋತಾನೆ ಅಂತ ಓದಿದ್ದೆ. ಖಾಲಿ ಆಗಲ್ವಾ?

ಬೀಜಗಣ್ಣ
42 ಲಕ್ಷ ಖರೇ ಐತಿ. 3.83×10²⁶ ವ್ಯಾಟ್ ÷ 9×10¹⁶. ಆದ್ರ ಸಾವಿರ ಕೋಟಿ ವರ್ಷ ಹಿಂಗ ಉರಿದರೂ ಹೋಗೂದು ಅವನ ದ್ರವ್ಯರಾಶಿಯ 0.07% ಅಷ್ಟ. ಅವನ ಆಟ ಮುಗಿಯೂದು ತೂಕ ಇಳಿದಲ್ಲ, ನಡುಭಾಗದ ಹೈಡ್ರೋಜನ್ ತೀರಿ.

ಮಿಣುಕು
ಇನ್ನೊಂದು ದಡ್ಡ ಪ್ರಶ್ನೆ: ಬಿಸಿನೀರು ತಣ್ಣೀರಿಗಿಂತ ಭಾರ ಹಾಗಾದ್ರೆ? ತೂಗಿ ನೋಡ್ಲಾ?

ಟರ್ಬೈನು
1 ಲೀಟರ್ ನೀರನ್ನ 20 ಡಿಗ್ರಿಯಿಂದ 100ಕ್ಕೆ ಏರಿಸೋಕೆ 3.35 ಲಕ್ಷ ಜೂಲ್. ಭಾಗಿಸಿದರೆ 3.7 ನ್ಯಾನೋಗ್ರಾಂ ಹೆಚ್ಚು. ತೂಗಿ ಬೇಕಾದ್ರೆ, ಆದರೆ ಕಾಯೋ ಹೊತ್ತಿಗೆ 1 ಗ್ರಾಂ ನೀರು ಆವಿಯಾಗಿ ಹೋದರೂ ಅದು ನೀವು ಹುಡುಕ್ತಿರೋದರ 27 ಕೋಟಿ ಪಟ್ಟು. ಮುಚ್ಚಳ ಬಿಗಿಯಾಗಿ ಹಾಕಿ.